ಶಿಕಾಗೋದಲ್ಲಿ ಮಲಯಾಳಿಗಳಿಗೆ ಬಿಷಪ್ ಇದಾರೆ, ಕೊಂಕಣಿಯವರಿಗೆ ಯಾಕಿಲ್ಲ?

ಪ್ರಶ್ನೆ: ನಾವು ಉಡುಪಿ ಕಡೆಯ ಕ್ಯಾಥೊಲಿಕರು, ಮನೆಮಾತು ಕೊಂಕಣಿ. ಮಗಳು ಶಿಕಾಗೋ ಹತ್ರ ಇದಾಳೆ, ಹೋದ ವರ್ಷ ಮೂರು ತಿಂಗಳು ಅಲ್ಲಿದ್ದು ಬಂದ್ವಿ. ಒಂದೇ ಏರಿಯಾದಲ್ಲಿ ಪೋಲೆಂಡಿನವರ ಚರ್ಚು, ಮೆಕ್ಸಿಕೋದವರ ಚರ್ಚು, ಐರಿಷ್ ಚರ್ಚು ಅಂತ ಬೇರೆ ಬೇರೆ, ಎಲ್ಲಾ ಕ್ಯಾಥೊಲಿಕರೇ. ಮಲಯಾಳಿಗಳಿಗಂತೂ ಸ್ವಂತ ಬಿಷಪ್ಪೇ ಇದಾರೆ. ನಮಗೆ ಯಾಕಿಲ್ಲ? ಅಲ್ಲಿ ಯಾಕೆ ಹೀಗೆ ಪಾಲಾಗಿದೆ? ಮೊಮ್ಮಗನನ್ನ ಮಲಯಾಳಿ ಚರ್ಚಿಗೆ ಕಳಿಸಿದ್ರೆ ಏನಾದ್ರೂ ತೊಂದರೆ ಇದೆಯಾ?

ಉತ್ತರ: ಮೂರು ಪ್ರಶ್ನೆ ಕೇಳಿದೀರಿ, ಮೊದಲನೆಯದಕ್ಕೆ ಒಂದೇ ಸಾಲಲ್ಲಿ ಹೇಳ್ಬಿಡ್ತೀನಿ. ಅಮೆರಿಕದಲ್ಲಿ ಭಾಷೆಗೆ ಚರ್ಚು ಸಿಗುತ್ತೆ, ಬಿಷಪ್ ಸಿಗಲ್ಲ. ಬಿಷಪ್ ಸಿಗೋದು ಪೂಜಾ ಪದ್ಧತಿಗೆ, ಅಂದ್ರೆ ನಿಮ್ಮದು ಲ್ಯಾಟಿನ್ ಸಭೆಯಾ ಪೂರ್ವದ ಸಭೆಯಾ ಅನ್ನೋದರ ಮೇಲೆ. ಇಬ್ಬರಿಗೂ ಪೋಪ್ ಒಬ್ಬರೇ, ಪೂಜೆಯ ರೀತಿ ಬೇರೆ. ಶಿಕಾಗೋದ ಆ ಮಲಯಾಳಿ ಬಿಷಪ್ ಮಲಯಾಳಿಗಳ ಬಿಷಪ್ ಅಲ್ವೇ ಅಲ್ಲ, ಪೂರ್ವದ ಸಭೆಗಳಲ್ಲಿ ಒಂದಾದ ಸಿರೋ ಮಲಬಾರ್ ಸಭೆಯ ಬಿಷಪ್. ಕೇರಳದಲ್ಲೇ ಹುಟ್ಟಿ ಮಲಯಾಳವನ್ನೇ ಮಾತಾಡೋ ವರಾಪುಳ ಕಡೆಯ ಲ್ಯಾಟಿನ್ ಕ್ಯಾಥೊಲಿಕ್ ಒಬ್ಬರು ಶಿಕಾಗೋಗೆ ಹೋದ್ರೆ ಅವರೂ ನಿಮ್ಮ ಮಗಳ ಹಾಗೇನೇ, ಅವರಿಗೂ ಆ ಬಿಷಪ್ ಸೇರಲ್ಲ, ಮನೆ ಇರೋ ಜಾಗದ ಬಿಷಪ್ಪೇ ಅವರ ಬಿಷಪ್.

ಇದು ನಿಮಗೆ ಗೊತ್ತಿಲ್ಲದ ವಿಷಯ ಏನಲ್ಲ. ದಕ್ಷಿಣ ಕನ್ನಡದಲ್ಲೇ ನೋಡಿ, ಮಂಗಳೂರು ಧರ್ಮಪ್ರಾಂತ್ಯ (ಅಂದ್ರೆ ಒಬ್ಬ ಬಿಷಪ್ಪಿನ ಆಡಳಿತದ ಪ್ರದೇಶ) ಇರೋ ಜಾಗದಲ್ಲೇ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ ಬಂತು, ಘಟ್ಟದ ತಪ್ಪಲಲ್ಲಿ ರಬ್ಬರ್ ಹಾಕ್ಕೊಂಡು ನೆಲೆ ನಿಂತ ಸಿರೋ ಮಲಬಾರಿನವರಿಗೆ. ಒಂದೇ ನೆಲ, ಇಬ್ಬರು ಬಿಷಪ್. ಆದ್ರೆ ನಿಮ್ಮ ಉಡುಪಿ ಧರ್ಮಪ್ರಾಂತ್ಯ 2012ರಲ್ಲಿ ಆಗಿದ್ದು ಬರೀ ನೆಲ ಪಾಲು ಮಾಡಿ, ಪದ್ಧತಿ ಅದೇ ಲ್ಯಾಟಿನ್. ಶಿಕಾಗೋದಲ್ಲೂ ಇದೇ ಲೆಕ್ಕ.

ಸರಿ, ಹಾಗಾದ್ರೆ ಒಂದೇ ಬೀದೀಲಿ ಪೋಲಿಷ್, ಐರಿಷ್, ಮೆಕ್ಸಿಕನ್ ಅಂತ ಮೂರು ಯಾಕೆ, ಅವರೆಲ್ಲ ಲ್ಯಾಟಿನ್ನೇ ತಾನೆ ಅಂತ ಕೇಳ್ತೀರಿ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ಕೂತ್ಕೊಳ್ಳಿ.

ಇಂಗ್ಲಿಷ್ ಮಾತಾಡೋ ಅಮೆರಿಕದಲ್ಲಿ ಕ್ಯಾಥೊಲಿಕರು ಶುರುವಾಗಿದ್ದು ಮೇರಿಲ್ಯಾಂಡಿನಲ್ಲಿ. 1634ರ ಮಾರ್ಚಲ್ಲಿ ಆರ್ಕ್, ಡವ್ ಅಂತ ಎರಡು ಹಡಗು ಬಂದ್ವು, ಕ್ಯಾಲ್ವರ್ಟ್ ಮನೆತನದವರ ವಸಾಹತು, ಜೊತೆಗೆ ಜೆಸ್ವಿಟ್ ಅನ್ನೋ ಸನ್ಯಾಸಿ ಸಂಘದ ಪಾದ್ರಿ ಆಂಡ್ರೂ ವೈಟ್, ಅವರು ಸೇಂಟ್ ಕ್ಲೆಮೆಂಟ್ಸ್ ದ್ವೀಪದಲ್ಲಿ ಪೂಜೆ ಮಾಡಿದ್ರು. ತಮಾಷೆ ಏನಂದ್ರೆ ಕ್ಯಾಥೊಲಿಕರಿಗೆ ಆಸರೆ ಅಂತ ಕಟ್ಟಿದ ಆ ವಸಾಹತಲ್ಲೇ ಅವರು ಅಲ್ಪಸಂಖ್ಯಾತರಾಗಿದ್ರು, 1689ರಲ್ಲಿ ಪ್ರೊಟೆಸ್ಟಂಟರು ಆಡಳಿತ ಕಿತ್ಕೊಂಡ ಮೇಲೆ ಬಹಿರಂಗವಾಗಿ ಪೂಜೆ ಮಾಡೋ ಹಾಗಿಲ್ಲ, 1718ರಿಂದ ವೋಟೂ ಇಲ್ಲ. ಹಾಗಾಗಿ ಪೂಜೆ ಮನೆಯೊಳಗೆ. ದೊಡ್ಡ ಜಮೀನುದಾರರ ಮನೆಯ ಒಂದು ಕೋಣೆಯೇ ಚರ್ಚು, ಪಾದ್ರಿ ಕುದುರೆ ಹತ್ತಿ ಮನೆಯಿಂದ ಮನೆಗೆ ಹೋಗ್ತಿದ್ರು. ಇಲ್ಲಿ ಇನ್ನೊಂದು ಮಾತು ಹೇಳ್ದೆ ಮುಂದೆ ಹೋಗೋಕಾಗಲ್ಲ, ಆ ಜಮೀನುಗಳಲ್ಲಿ ದುಡೀತಿದ್ದವರು ಗುಲಾಮರು, ಜೆಸ್ವಿಟರ ಸ್ವಂತ ತೋಟಗಳಲ್ಲೂ ಅಷ್ಟೆ. 1838ರಲ್ಲಿ ಅದೇ ಜೆಸ್ವಿಟರು 272 ಜನರನ್ನ ಲೂಸಿಯಾನಕ್ಕೆ ಮಾರಿದ್ರು, ಆ ದುಡ್ಡಲ್ಲಿ ಒಂದು ಪಾಲು ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸೋಕೆ ಹೋಯ್ತು. ಮಾರಿಹೋದವರೂ ಕ್ಯಾಥೊಲಿಕರೇ, ಜಪಸರ ಹಿಡ್ಕೊಂಡೇ ಹೋದವರು.

1785ರಲ್ಲಿ ಅಲ್ಲಿನ ಪಾದ್ರಿಗಳ ಮುಖ್ಯಸ್ಥ ಜಾನ್ ಕ್ಯಾರಲ್ ರೋಮಿಗೆ ಒಂದು ವರದಿ ಕಳಿಸ್ತಾರೆ, ಅದರ ಪ್ರಕಾರ ಮೇರಿಲ್ಯಾಂಡಲ್ಲಿ 15,800, ಪೆನ್ಸಿಲ್ವೇನಿಯಾದಲ್ಲಿ 7,000 ಕ್ಯಾಥೊಲಿಕರು, ಎಲ್ಲಾ ಸೇರಿಸಿದ್ರೂ ಹೊಸ ದೇಶದಲ್ಲಿ 25 ಸಾವಿರದ ಆಸುಪಾಸು. ನಮ್ಮ ಕರಾವಳಿಯ ಕೆಲವು ದೊಡ್ಡ ಇಗರ್ಜಿಗಳನ್ನ ಸೇರಿಸಿದ್ರೆ ಅಷ್ಟು ಜನ ಆಗ್ತಾರೆ! 1789ರಲ್ಲಿ ಬಾಲ್ಟಿಮೋರ್ ಧರ್ಮಪ್ರಾಂತ್ಯ ಆಯ್ತು, ಕ್ಯಾರಲ್ಲೇ ಬಿಷಪ್, ಇಡೀ ದೇಶಕ್ಕೆ ಒಬ್ಬರೇ.

ಆ ಮೇರಿಲ್ಯಾಂಡಿನವರೇ ಒಂದಷ್ಟು ಕುಟುಂಬಗಳು 1785ರಿಂದಾಚೆ ಜಮೀನು ಹುಡುಕ್ಕೊಂಡು ಗುಡ್ಡ ದಾಟಿ ಕೆಂಟಕಿಗೆ ಹೋದ್ರು. ಒಬ್ಬೊಬ್ಬರೇ ಹೋದ್ರೆ ಪಾದ್ರಿ ಸಿಗಲ್ಲ, ಒಟ್ಟಿಗೆ ಹೋಗಿ ಒಂದೇ ಕಡೆ ಕೂತ್ರೆ ಮಾತ್ರ ಪಾದ್ರಿ ಕೇಳಬಹುದು ಅನ್ನೋದು ಅವರ ಲೆಕ್ಕಾಚಾರ. ಲೆಕ್ಕ ಸರಿಯಾಗಿತ್ತು, 1793ರಲ್ಲಿ ಅಮೆರಿಕದಲ್ಲೇ ಗುರುದೀಕ್ಷೆ ಪಡೆದ ಮೊದಲ ಪಾದ್ರಿ ಸ್ಟೀಫನ್ ಬಾಡಿನ್ ಅವರನ್ನ ಅಲ್ಲಿಗೇ ಕಳಿಸಿದ್ರು. 1808ರಲ್ಲಿ ನಾಲ್ಕು ಹೊಸ ಧರ್ಮಪ್ರಾಂತ್ಯ ಮಾಡಿದಾಗ ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ ಜೊತೆ ನಾಲ್ಕನೆಯದು ಕೆಂಟಕಿಯ ಬಾರ್ಡ್ಸ್‌ಟೌನ್, ಒಂದು ಹಳ್ಳಿ! ಇವತ್ತಿಗೂ ಆ ಭಾಗವನ್ನ ಕೆಂಟಕಿಯ ಪುಣ್ಯಭೂಮಿ ಅಂತಾರೆ, ಸುತ್ತ ಬ್ಯಾಪ್ಟಿಸ್ಟ್ ಪಂಗಡದ ಪ್ರೊಟೆಸ್ಟಂಟರು, ಮಧ್ಯೆ ಮೂರು ಜಿಲ್ಲೆ ಕ್ಯಾಥೊಲಿಕ್, ವಿಸ್ಕಿ ಭಟ್ಟಿಗಳೂ ಅಲ್ಲೇ ಜಾಸ್ತಿ. 1812ರಲ್ಲಿ ಅಲ್ಲಿ ಹುಟ್ಟಿದ ನಾಜರೆತ್ ಸಿಸ್ಟರ್ಸ್ ಆಫ್ ಚಾರಿಟಿ 1947ರಲ್ಲಿ ಬಿಹಾರದ ಮೊಕಾಮಾಕ್ಕೆ ಬಂದು ಆಸ್ಪತ್ರೆ ಕಟ್ಟಿದ್ರು, ಹಾಗೆ ಆ ಹಳ್ಳಿಗಾಡು ನಮಗೂ ತಾಗಿದೆ.

ಇದು ವಲಸೆ ಹೋದವರ ಕಥೆ. ಆದ್ರೆ ಎಲ್ಲರೂ ಅಮೆರಿಕಕ್ಕೆ ಬಂದವರಲ್ಲ, ಕೆಲವರ ಹತ್ರ ಅಮೆರಿಕನೇ ಬಂತು. ಲೂಸಿಯಾನ ಫ್ರೆಂಚರದ್ದು ಆಮೇಲೆ ಸ್ಪೇನಿನದ್ದು, ನ್ಯೂ ಆರ್ಲಿಯನ್ಸಿಗೆ ಉರ್ಸುಲೈನ್ ಕನ್ಯಾಸ್ತ್ರೀಯರು 1727ರಲ್ಲೇ ಬಂದಿದ್ರು, 1803ರಲ್ಲಿ ಅಮೆರಿಕ ಅದನ್ನ ಕೊಂಡ್ಕೊಂಡಾಗ ಅಲ್ಲಿನ ಕ್ಯಾಥೊಲಿಕರು ರಾತ್ರಿ ಮಲಗಿ ಬೆಳಿಗ್ಗೆ ಎದ್ದಾಗ ಅಮೆರಿಕನ್ನರು. ಇವತ್ತಿಗೂ ಆ ರಾಜ್ಯದಲ್ಲಿ ಜಿಲ್ಲೆಗೆ ಪ್ಯಾರಿಷ್ ಅಂತಲೇ ಹೆಸರು. ನ್ಯೂ ಮೆಕ್ಸಿಕೋ, ಕ್ಯಾಲಿಫೋರ್ನಿಯ ಮೆಕ್ಸಿಕೋದ ಜೊತೆ ಯುದ್ಧ ಮುಗಿದು 1848ರಲ್ಲಿ ಬಂದ್ವು. ನ್ಯೂ ಮೆಕ್ಸಿಕೋದ ಸಾಂತಾ ಫೆಗೆ ಬಿಷಪ್ ಆಗಿ ಬಂದ ಲಾಮಿ ಫ್ರಾನ್ಸಿನವರು. ಸ್ಪ್ಯಾನಿಷ್ ಮಾತಾಡೋ ಅಲ್ಲಿನ ಹಳೆ ಪಾದ್ರಿಗಳು ಲಾಮಿ ಕಣ್ಣಿಗೆ ಶಿಸ್ತಿಲ್ಲದವರು, ಆ ಪಾದ್ರಿಗಳ ಕಣ್ಣಿಗೆ ಲಾಮಿ ಪರದೇಶಿ. ತಾವೋಸಿನ ಪಾದ್ರಿ ಮಾರ್ತಿನೆಸ್ ಜೊತೆ ಚರ್ಚಿಗೆ ಕೊಡೋ ಕಾಣಿಕೆ ವಿಷಯದಲ್ಲಿ ಶುರುವಾದ ಜಗಳ ಬಹಿಷ್ಕಾರದ ತನಕ ಹೋಯ್ತು. ಲಾಮಿ ಮಣ್ಣಿನ ಇಟ್ಟಿಗೆಯ ಹಳೆ ಚರ್ಚಿನ ಸುತ್ತಲೇ ಫ್ರೆಂಚ್ ಮಾದರಿಯ ಕಲ್ಲಿನ ಕೆಥೆಡ್ರಲ್ ಏಳಿಸಿದ್ರು, ಈಗ್ಲೂ ಊರಿನ ಮಣ್ಣು ಬಣ್ಣದ ಮನೆಗಳ ಮಧ್ಯೆ ಅದೊಂದು ನೆಂಟರ ಮನೆ ಮದುವೆಗೆ ಕೋಟು ಹಾಕ್ಕೊಂಡು ಬಂದವರ ಹಾಗೆ ನಿಂತಿದೆ. ನಡುವೆ ಒಂದು ವಿಷಯ, ಇಟಲಿ ಒಂದಾಗುವಾಗ ಅಲ್ಲಿಂದ ಹೊರಬಿದ್ದ ಜೆಸ್ವಿಟರಲ್ಲಿ ನೇಪಲ್ಸಿನವರು 1867ರಲ್ಲಿ ನ್ಯೂ ಮೆಕ್ಸಿಕೋಗೆ ಹೋದ್ರು, ವೆನಿಸ್ ಪ್ರಾಂತ್ಯದವರ ಪಾಲಿಗೆ 1878ರಲ್ಲಿ ಮಂಗಳೂರು ಬಂತು. ಸಂತ ಅಲೋಶಿಯಸ್ ಕಾಲೇಜು ಕಟ್ಟಿದವರ ಸೋದರರೇ ಅಲ್ಲಿ ಮರುಭೂಮೀಲಿ ಕಾಲೇಜು ಕಟ್ತಿದ್ರು.

ಈಗ ನಿಮ್ಮ ಬೀದಿ ಪ್ರಶ್ನೆಗೆ ಬರ್ತೀನಿ. ಭಾಷೆಗೊಂದು ಚರ್ಚು ಅನ್ನೋದನ್ನ ಶುರು ಮಾಡಿದ್ದು ಜರ್ಮನ್ನರು, ಫಿಲಡೆಲ್ಫಿಯಾದ ಹೋಲಿ ಟ್ರಿನಿಟಿ ಚರ್ಚು, 1788. ದೇವರ ಪೂಜೆ ಎಲ್ಲರಿಗೂ ಲ್ಯಾಟಿನ್ನಲ್ಲೇ ನಡೀತಿತ್ತಲ್ಲ, ಮತ್ತೆ ಭಾಷೆ ಯಾಕೆ ಅಂದ್ರೆ, ಪ್ರಸಂಗ ಯಾವ ಭಾಷೇಲಿ, ಪಾಪನಿವೇದನೆ ಯಾವ ಭಾಷೇಲಿ, ಮಕ್ಕಳಿಗೆ ಜ್ಞಾನೋಪದೇಶ ಯಾವ ಭಾಷೇಲಿ, ಹಬ್ಬಕ್ಕೆ ಯಾವ ಹಾಡು? ಯೋಚನೆ ಮಾಡಿ, ನೀವು ಮಾಡಿದ ತಪ್ಪನ್ನ ಇಂಗ್ಲಿಷಲ್ಲಿ ಹೇಳ್ಕೊಳ್ಳೋದು ಎಷ್ಟು ಕಷ್ಟ. ಜೊತೆಗೆ ಇನ್ನೊಂದು, ಚರ್ಚಿನ ಜಾಗ ಯಾರ ಹೆಸರಲ್ಲಿ? ಅಮೆರಿಕದ ಕಾನೂನು ಪ್ರಕಾರ ಟ್ರಸ್ಟಿಗಳ ಹೆಸರಲ್ಲಿ ಇಡಬಹುದಿತ್ತು, ಹಾಗಾಗಿ ದುಡ್ಡು ಹಾಕಿದ ಜನ ನಾವೇ ಕಟ್ಟಿದ್ದು ನಾವೇ ಪಾದ್ರೀನ ಆರಿಸ್ತೀವಿ ಅಂದ್ರು, ಬಿಷಪ್ಪು ಆಗಲ್ಲ ಅಂದ್ರು. ಮುಂದಿನ ನೂರು ವರ್ಷದ ಜಗಳಗಳಲ್ಲಿ ಮುಕ್ಕಾಲು ಭಾಗದ ಬೇರು ಇದೇ, ಭಾಷೆ ಮತ್ತೆ ಕಟ್ಟಡದ ಕಾಗದಪತ್ರ. ದೇವತಾಶಾಸ್ತ್ರಕ್ಕಾಗಿ ಜಗಳ ಆಡಿದ್ದು ಕಮ್ಮಿ.

ಆಮೇಲೆ ಐರಿಷರು. 1845ರ ಆಲೂಗಡ್ಡೆ ರೋಗದ ಬರಗಾಲದಲ್ಲಿ ಸಾಯದೆ ಉಳಿದವರು ಲಕ್ಷಗಟ್ಟಲೆ ಹಡಗು ಹತ್ತಿದ್ರು, ಬಾಸ್ಟನ್, ನ್ಯೂಯಾರ್ಕಲ್ಲಿ ಇಳಿದವರಿಗೆ ಮುಂದೆ ಹೋಗೋಕೆ ದುಡ್ಡಿರಲಿಲ್ಲ, ಅಲ್ಲೇ ಉಳಿದ್ರು, ಬಾಸ್ಟನ್ ಇವತ್ತಿಗೂ ಐರಿಷ್ ಊರು ಅನ್ನಿಸೋದು ಅದಕ್ಕೇ. ಅವರನ್ನ ಯಾರೂ ಆರತಿ ಎತ್ತಿ ಕರೀಲಿಲ್ಲ. ಬರಕ್ಕೂ ಮೊದಲೇ 1834ರಲ್ಲಿ ಬಾಸ್ಟನ್ ಪಕ್ಕದ ಚಾರ್ಲ್ಸ್‌ಟೌನಲ್ಲಿ ಕ್ಯಾಥೊಲಿಕರನ್ನ ಕಂಡ್ರಾಗದವರು ಕನ್ಯಾಮಠ ಸುಟ್ಟಿದ್ರು, 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಚರ್ಚುಗಳಿಗೇ ಬೆಂಕಿ. ನ್ಯೂಯಾರ್ಕಿನ ಬಿಷಪ್ ಜಾನ್ ಹ್ಯೂಸ್ ಚರ್ಚುಗಳಿಗೆ ಕಾವಲು ಜನ ನಿಲ್ಲಿಸಿದ್ರು. ಸರ್ಕಾರಿ ಶಾಲೆಯಲ್ಲಿ ಪ್ರೊಟೆಸ್ಟಂಟ್ ಬೈಬಲ್ ಓದಿಸ್ತಾರೆ ಅಂತ ಕ್ಯಾಥೊಲಿಕರು ಸ್ವಂತ ಶಾಲೆ ಕಟ್ಟೋಕೆ ಶುರು ಮಾಡಿದ್ರು, 1884ರಲ್ಲಿ ಬಾಲ್ಟಿಮೋರಲ್ಲಿ ಸೇರಿದ ಬಿಷಪ್ಪುಗಳ ಮಹಾಸಭೆ ಪ್ರತಿ ಚರ್ಚಿನ ಪಕ್ಕ ಶಾಲೆ ಇರಲೇಬೇಕು ಅಂತ ನಿರ್ಣಯ ಮಾಡ್ತು. ಐರಿಷರಿಗೆ ಇಂಗ್ಲಿಷ್ ಬರ್ತಿತ್ತು, ಸಂಖ್ಯೆ ಇತ್ತು, ರಾಜಕೀಯ ಕಲಿತ್ರು, ಹಾಗಾಗಿ ಬಿಷಪ್ ಕುರ್ಚಿಗಳು ಹೆಚ್ಚಿನವು ಅವರ ಪಾಲಾದ್ವು. ಉಳಿದವರಿಗೆಲ್ಲ ಬಿಷಪ್ ಅಂದ್ರೆ ಐರಿಷ್ ಮಾವ ಇದ್ದ ಹಾಗೆ.

ಜರ್ಮನ್ನರು ಬಂದಿದ್ದು ಸ್ವಲ್ಪ ಕೈಯಲ್ಲಿ ಕಾಸಿಟ್ಕೊಂಡು, ಹಾಗಾಗಿ ಒಳನಾಡಿಗೆ ಹೋದ್ರು, ಸಿನ್ಸಿನಾಟಿ, ಸೇಂಟ್ ಲೂಯಿಸ್, ಮಿಲ್ವಾಕಿ, ಈ ಮೂರು ಊರು ಮೂಲೆಯಾದ ತ್ರಿಕೋನದೊಳಗೆ ತುಂಬ್ಕೊಂಡ್ರು. ಮಿನೆಸೋಟಾದ ಸ್ಟರ್ನ್ಸ್ ಕೌಂಟಿಯಲ್ಲಿ 1856ರಲ್ಲಿ ಬೆನೆಡಿಕ್ಟಿನ್ ಸನ್ಯಾಸಿಗಳು ಬಂದು ಮಠ ಕಟ್ಟಿದ್ರು, ಸುತ್ತ ಹತ್ತಾರು ಹಳ್ಳಿ ಪೂರ್ತಿ ಜರ್ಮನ್ ಕ್ಯಾಥೊಲಿಕ್. ಇವರ ವಾದ ಏನು ಅಂದ್ರೆ ಭಾಷೆ ಹೋದ್ರೆ ವಿಶ್ವಾಸವೂ ಹೋಗುತ್ತೆ. ಐರಿಷ್ ಬಿಷಪ್ಪುಗಳ ವಾದ, ನೀವು ಜರ್ಮನ್ ಜರ್ಮನ್ ಅಂತಿದ್ರೆ ನಮ್ಮನ್ನೆಲ್ಲ ಪರದೇಶಿ ಧರ್ಮ ಅಂತ ಓಡಿಸ್ತಾರೆ, ಬೇಗ ಅಮೆರಿಕನ್ ಆಗಿ. 1891ರಲ್ಲಿ ಜರ್ಮನಿಯ ಪೀಟರ್ ಪೌಲ್ ಕಾಹೆನ್ಸ್ಲಿ ಅನ್ನೋ ವ್ಯಾಪಾರಿ, ವಲಸಿಗರ ಕ್ಷೇಮ ನೋಡ್ಕೊಳ್ಳೋ ಸಂಘದವರು, ಪೋಪ್ 13ನೇ ಲಿಯೋ ಅವರಿಗೆ ಒಂದು ಮನವಿ ಕೊಟ್ರು: ಪ್ರತಿ ದೇಶದವರಿಗೂ ಅವರದೇ ಚರ್ಚು, ಅವರದೇ ಪಾದ್ರಿ, ಅಮೆರಿಕದ ಬಿಷಪ್ಪುಗಳ ಮಧ್ಯೆ ಅವರವರ ದೇಶದ ಬಿಷಪ್ಪೂ ಇರ್ಲಿ. ಅಮೆರಿಕದಲ್ಲಿ ಗಲಾಟೆಯೋ ಗಲಾಟೆ, ಪತ್ರಿಕೆಗಳಲ್ಲೆಲ್ಲ ಬಂತು. ರೋಮ್ ಒಪ್ಪಲಿಲ್ಲ. ಚರ್ಚು ಕೊಡ್ತೀವಿ, ಪಾದ್ರಿ ಕೊಡ್ತೀವಿ, ಭಾಷೆ ಲೆಕ್ಕದಲ್ಲಿ ಬಿಷಪ್ ಮಾತ್ರ ಇಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ತೀರ್ಮಾನ ಆಗಿದ್ದು ಆವತ್ತೇ, ಆಗಿನ್ನೂ ಒಬ್ಬ ಕೊಂಕಣಿಯವನೂ ಶಿಕಾಗೋ ನೋಡಿರಲಿಲ್ವೇನೋ.

ಶಿಕಾಗೋದ ಪೋಲಿಷರಿಗೆ ಈ ತೀರ್ಮಾನ ಗಂಟಲಲ್ಲಿ ಮುಳ್ಳು. 1867ರಲ್ಲಿ ಶುರುವಾದ ಸೇಂಟ್ ಸ್ಟಾನಿಸ್ಲಾಸ್ ಕೋಸ್ಟ್ಕಾ ಚರ್ಚಲ್ಲಿ ಆ ಶತಮಾನದ ಕೊನೆಗೆ 40 ಸಾವಿರದಷ್ಟು ಜನ ಇದ್ರು ಅಂತಾರೆ, ಅಂದ್ರೆ ಕ್ಯಾರಲ್ ಕಾಲದ ಇಡೀ ದೇಶದ ಕ್ಯಾಥೊಲಿಕರಿಗಿಂತ ಜಾಸ್ತಿ ಜನ ಒಂದೇ ಚರ್ಚಲ್ಲಿ. ಮಾಂಸದ ಕಾರ್ಖಾನೆ, ಉಕ್ಕಿನ ಕಾರ್ಖಾನೆಯಲ್ಲಿ ದುಡಿದ ಕೂಲಿಯಿಂದ ಕಟ್ಟಿದ್ದು, ಆದ್ರೂ ಒಳಗೆ ಹೋದ್ರೆ ಅರಮನೆ. ಮುಂದೆ ಎಕ್ಸ್‌ಪ್ರೆಸ್‌ವೇ ಮಾಡುವಾಗ ಈ ಚರ್ಚು ಅಡ್ಡ ಬಂತು, ಜನ ಬಿಡಲಿಲ್ಲ, ರಸ್ತೆಯೇ ಸೊಂಟ ಬಳುಕಿಸಿ ಪಕ್ಕಕ್ಕೆ ಹೋಯ್ತು, ಮಗಳ ಕಾರಲ್ಲಿ ಕೆನೆಡಿ ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗಿದ್ರೆ ನೀವು ಅದರ ಗೋಡೆ ಪಕ್ಕದಲ್ಲೇ ಹಾದು ಹೋಗಿರ್ತೀರಿ. ಇಷ್ಟೆಲ್ಲ ನಾವು ಕಟ್ಟಿ ಕೀಲಿಕೈ ಐರಿಷ್ ಬಿಷಪ್ ಹತ್ರ ಯಾಕಿರ್ಬೇಕು ಅಂತ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ನಲ್ಲಿ 1897ರಲ್ಲಿ ಫ್ರಾನ್ಸಿಸ್ ಹೋಡುರ್ ಅನ್ನೋ ಪಾದ್ರಿಯ ಜೊತೆ ಒಂದು ಗುಂಪು ಹೊರಗೇ ಹೋಯ್ತು, ಪೋಲಿಷ್ ನ್ಯಾಷನಲ್ ಕ್ಯಾಥೊಲಿಕ್ ಚರ್ಚ್ ಅಂತ ರೋಮಿಗೆ ಸೇರದ ಬೇರೆ ಸಭೆಯನ್ನೇ ಮಾಡ್ಕೊಂಡ್ರು. ಇಟಲಿಯವರ ಪಾಡು ಇನ್ನೂ ಬೇರೆ, ನ್ಯೂಯಾರ್ಕಿನ ಈಸ್ಟ್ ಹಾರ್ಲೆಮಲ್ಲಿ ಕಾರ್ಮೆಲ್ ಮಾತೆಯ ಚರ್ಚು ಕಟ್ಟೋಕೆ ಕಲ್ಲು ಹೊತ್ತವರು ಅವರು, ಆದ್ರೆ ಅವರ ಪೂಜೆ ನೆಲಮಾಳಿಗೆಯಲ್ಲಿ, ಮೇಲಿನ ಅಂತಸ್ತು ಐರಿಷರಿಗೆ ಜರ್ಮನ್ನರಿಗೆ!

ಪೂರ್ವದ ಸಭೆಯವರ ವಿಷಯಕ್ಕೆ ಬಂದ್ರೆ 1889ರಲ್ಲಿ ಮಿನೆಸೋಟಾದಲ್ಲಿ ನಡೆದ ಒಂದು ಭೇಟಿಯನ್ನ ಹೇಳಲೇಬೇಕು. ಕಾರ್ಪೇಥಿಯನ್ ಬೆಟ್ಟಗಳ ರುಸಿನ್ ಜನ, ಗ್ರೀಕ್ ಕ್ಯಾಥೊಲಿಕರು, ಪೂಜೆ ಬೈಜಾಂಟೈನ್ ಪದ್ಧತಿಯದ್ದು, ಪೋಪ್ ಮಾತ್ರ ಒಬ್ಬರೇ. ಅವರ ಪಾದ್ರಿಗಳು ಮದುವೆ ಆಗಿರಬಹುದು, ಅದು ಅವರ ಹಳೇ ಹಕ್ಕು. ಅಲೆಕ್ಸಿಸ್ ಟೋಥ್ ಅನ್ನೋ ಪಾದ್ರಿ, ಹೆಂಡತಿ ತೀರ್ಕೊಂಡಿದ್ರು, ಅಲ್ಲಿನ ಲ್ಯಾಟಿನ್ ಆರ್ಚ್‌ಬಿಷಪ್ ಜಾನ್ ಐರ್ಲೆಂಡ್ ಹತ್ರ ಕಾಗದಪತ್ರ ಹಿಡ್ಕೊಂಡು ಹೋದಾಗ, ನೀನು ಮದುವೆಯಾಗಿದ್ದವನು, ನಿನ್ನನ್ನ ನಾನು ಪಾದ್ರಿ ಅಂತಾನೇ ಒಪ್ಪಲ್ಲ ಅಂತ ಆ ದೊಡ್ಡ ಮನುಷ್ಯ ಹೊರಗೆ ಹಾಕಿದ್ರು. ಟೋಥ್ ಸುಮ್ನೆ ಕೂರಲಿಲ್ಲ, 1891ರಲ್ಲಿ ತನ್ನ ಚರ್ಚಿನ ಜನರ ಸಮೇತ ರೋಮಿಗೆ ಸೇರದ ರಷ್ಯನ್ ಆರ್ಥೊಡಾಕ್ಸ್ ಸಭೆಗೆ ಹೋಗಿ ಸೇರಿದ್ರು, ಅವರ ಹಿಂದೆ ಸಾವಿರಾರು ಜನ ಹೋದ್ರು. ಆರ್ಥೊಡಾಕ್ಸಿನವರು ಇವತ್ತು ಟೋಥ್ ಅವರನ್ನ ಸಂತ ಅಂತ ಪೂಜಿಸ್ತಾರೆ. ಒಬ್ಬ ಬಿಷಪ್ಪಿನ ಸಿಟ್ಟು ಎಷ್ಟು ದುಬಾರಿ ನೋಡಿ. ರೋಮ್ ತಡವಾಗಿಯಾದ್ರೂ ಪಾಠ ಕಲೀತು, ಪೂರ್ವದವರನ್ನ ಲ್ಯಾಟಿನ್ ಬಿಷಪ್ ಕೈಗೆ ಕೊಟ್ರೆ ಉಳಿಯಲ್ಲ ಅಂತ 1907ರಲ್ಲಿ ಅವರಿಗೇ ಒಬ್ಬ ಬಿಷಪ್ಪನ್ನ ಕೊಡ್ತು. ಆಮೇಲೆ ಲೆಬನಾನಿನ ಮಾರೋನೈಟರು, ಡೆಟ್ರಾಯ್ಟಿನ ಇರಾಕಿ ಖಾಲ್ದಿಯರು ಎಲ್ಲರಿಗೂ ಒಂದೊಂದಾಗಿ ಆಯ್ತು. 2001ರಲ್ಲಿ ಶಿಕಾಗೋದ ಸಿರೋ ಮಲಬಾರ್ ಧರ್ಮಪ್ರಾಂತ್ಯ ಇದೇ ದಾರೀಲಿ ಬಂದಿದ್ದು, ಭಾರತದ ಹೊರಗೆ ಆ ಸಭೆಗೆ ಅದೇ ಮೊದಲನೆಯದು, ಜೇಕಬ್ ಅಂಗಾಡಿಯತ್ ಮೊದಲ ಬಿಷಪ್. ಅದರ ಹಿಂದೆ 1965ರ ವಲಸೆ ಕಾನೂನು ಇದೆ, ನರ್ಸ್ ಕೆಲಸಕ್ಕೆ ಹೋದ ಕೇರಳದ ಹೆಣ್ಮಕ್ಕಳಿದಾರೆ, ಅವರ ನೈಟ್ ಡ್ಯೂಟಿ ಸಂಬಳದಲ್ಲಿ ಎಷ್ಟೋ ಚರ್ಚು ಎದ್ದಿವೆ. ಅವರಿಗೆ ಬಿಷಪ್ ಸುಲಭಕ್ಕೆ ಸಿಕ್ತು ಅಂತ ಅಸೂಯೆ ಪಡೋ ಹಾಗಿಲ್ಲ.

ಇನ್ನು ಕಪ್ಪು ಕ್ಯಾಥೊಲಿಕರು, ಅವರಿಗೆ ಇಂಗ್ಲಿಷ್ ಬರ್ತಿತ್ತು, ಪದ್ಧತಿ ಲ್ಯಾಟಿನ್ನೇ, ಆದ್ರೂ ಹಿಂದಿನ ಬೆಂಚು. ಗುಲಾಮರಾಗಿ ಹುಟ್ಟಿದ ಆಗಸ್ಟಸ್ ಟೋಲ್ಟನ್ನಿಗೆ ಅಮೆರಿಕದ ಯಾವ ಸೆಮಿನರಿಯೂ ಸೀಟು ಕೊಡಲಿಲ್ಲ, ರೋಮಿಗೆ ಹೋಗಿ ಓದಿ 1886ರಲ್ಲಿ ದೀಕ್ಷೆ ತಗೊಂಡು ಬಂದು ಶಿಕಾಗೋದಲ್ಲಿ ಕಪ್ಪು ಜನರ ಚರ್ಚು ಕಟ್ಟುತ್ತಾ 43ನೇ ವಯಸ್ಸಿಗೆ ಬಿಸಿಲ ಝಳಕ್ಕೆ ತೀರ್ಕೊಂಡ್ರು. ಈಗಿನ ಪೋಪ್ 14ನೇ ಲಿಯೋ ಶಿಕಾಗೋದವರು ಅಂತ ನಿಮಗೆ ಗೊತ್ತು, ಅವರ ತಾಯಿಯ ಅಪ್ಪ ಅಮ್ಮ ನ್ಯೂ ಆರ್ಲಿಯನ್ಸಿನ ಕ್ರಿಯೋಲ್, ಅಂದ್ರೆ ಮಿಶ್ರ ಮೂಲದ ಮನೆತನದವರು, ಹಳೇ ಜನಗಣತಿಯಲ್ಲಿ ಕಪ್ಪು ಅಂತ ಬರೆಸಿದ್ದವರು. ನಾನು ಮೇಲೆ ಹೇಳಿದ ಲೂಸಿಯಾನದ ಕಥೆ ಹೀಗೆ ವ್ಯಾಟಿಕನ್ನಿಗೆ ಬಂದು ಮುಟ್ಟಿದೆ. ಅವರು ಬೆಳೆದ ಶಿಕಾಗೋ ದಕ್ಷಿಣದ ಚರ್ಚು ಮಾತ್ರ ಮುಚ್ಚಿ ಪಾಳು ಬಿದ್ದಿದೆ.

ಮುಚ್ಚಿದ್ದು ಅದೊಂದೇ ಅಲ್ಲ. 1917ರ ಸಭಾ ಕಾನೂನು ರೋಮಿನ ಅಪ್ಪಣೆ ಇಲ್ದೆ ಹೊಸ ಭಾಷಾ ಚರ್ಚು ಮಾಡಬಾರದು ಅಂತು, 1924ರ ಕಾನೂನಿನಿಂದ ಯೂರೋಪಿನ ವಲಸೆ ನಿಂತಷ್ಟೇ ಆಯ್ತು, ಮೊಮ್ಮಕ್ಕಳಿಗೆ ಪೋಲಿಷ್ ಬರಲ್ಲ, ಉಪನಗರಗಳಿಗೆ ಮನೆ ಬದಲಾಯಿಸಿದ್ರು. ಖಾಲಿಯಾದ ಚರ್ಚುಗಳಿಗೆ ಹೊಸಬರು ಬಂದ್ರು. ಶಿಕಾಗೋದ ಪಿಲ್ಸನ್ ಬಡಾವಣೆಗೆ ಆ ಹೆಸರಿಟ್ಟವರು ಚೆಕ್ ಜನ, 1875ರಲ್ಲಿ ಅವರು ಮಾಡ್ಕೊಂಡ ಸೇಂಟ್ ಪ್ರೊಕೋಪಿಯಸ್ ಚರ್ಚಲ್ಲಿ ಈಗ ಪೂಜೆ ಸ್ಪ್ಯಾನಿಷಲ್ಲಿ, ಒಳಗೆ ಮೆಕ್ಸಿಕೋದವರ ಗ್ವಾದಲೂಪೆ ಮಾತೆ. ಈಗ ಅಮೆರಿಕದ ಕ್ಯಾಥೊಲಿಕರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಲ್ಯಾಟಿನ್ ಅಮೆರಿಕ ಮೂಲದವರು. 1975ರ ನಂತರ ಬಂದ ವಿಯೆಟ್ನಾಮಿನವರು ಮಿಸ್ಸೋರಿಯ ಕಾರ್ತೇಜ್ ಅನ್ನೋ ಪುಟ್ಟ ಊರಲ್ಲಿ ಪ್ರತಿ ಆಗಸ್ಟಲ್ಲಿ ಮಾತೆ ಮರಿಯಳ ಹಬ್ಬ ಮಾಡ್ತಾರೆ, ಹತ್ತಾರು ಸಾವಿರ ಜನ ಟೆಂಟ್ ಹಾಕ್ಕೊಂಡು, ನಮ್ಮ ಅತ್ತೂರು ಜಾತ್ರೆ ನೆನಪಾಗುತ್ತೆ.

ಈಗ ಕೊಂಕಣಿಯವರಿಗೆ ಏನು ಸಾಧ್ಯ? ಬಿಷಪ್ ಸಾಧ್ಯ ಇಲ್ಲ, ನಾವು ಗೋವಾದ ಪೋರ್ಚುಗೀಸರ ಮೂಲಕ ಬಂದ ಲ್ಯಾಟಿನ್ ಪದ್ಧತಿಯವರು. ಲ್ಯಾಟಿನ್ ಬಿಷಪ್ ಆದ್ರೆ ಇಡೀ ಊರಿಗೆ ಆಗ್ಬೇಕು, ಹಾಗೆ ಆಗಿದಾರೆ ಕೂಡ, ಭಾರತೀಯ ತಂದೆತಾಯಿಗೆ ಒಹಾಯೋದಲ್ಲೇ ಹುಟ್ಟಿದ ಅರ್ಲ್ ಫರ್ನಾಂಡಿಸ್ 2022ರಲ್ಲಿ ಕೊಲಂಬಸ್ ಧರ್ಮಪ್ರಾಂತ್ಯದ ಬಿಷಪ್ ಆದ್ರು. ಭಾಷೆಗೊಂದು ಚರ್ಚು ಅನ್ನೋದಕ್ಕೆ ಸಭೆಯ ಈಗಿನ ಕಾನೂನಲ್ಲೂ ದಾರಿ ಇದೆ, 1983ರ ಸಭಾ ಕಾನೂನು ಸಂಹಿತೆಯ 518ನೇ ವಿಧಿ, ಆದ್ರೆ ಒಂದೇ ಕಡೆ ಸಾಕಷ್ಟು ಮನೆ ಬೇಕು, ನಮ್ಮವರು ಕೆಂಟಕಿಯವರ ಹಾಗೆ ಒಟ್ಟಿಗೆ ಕೂತಿಲ್ಲ, ಐಟಿ ಕೆಲಸ ಎಲ್ಲಿ ಸಿಕ್ತೋ ಅಲ್ಲಿ ಚದುರಿದಾರೆ. ಇಂಗ್ಲಿಷ್ ಸಲೀಸಾಗಿ ಬರೋದ್ರಿಂದ ಆ ಹಸಿವೂ ಕಮ್ಮಿ, ನನಗನ್ಸೋದು ಇದೇ ದೊಡ್ಡ ಕಾರಣ. ಹಾಗಾಗಿ ಸದ್ಯಕ್ಕೆ ಆಗ್ತಿರೋದು ಸೆಪ್ಟೆಂಬರಲ್ಲಿ ಮೊಂತಿ ಫೆಸ್ತ್ (ಮಾತೆ ಮರಿಯಳ ಹುಟ್ಟುಹಬ್ಬ), ಯಾವುದಾದ್ರೂ ಚರ್ಚನ್ನ ಕೇಳ್ಕೊಂಡು ಒಂದು ಕೊಂಕಣಿ ಪೂಜೆ, ಆಮೇಲೆ ಚರ್ಚಿನ ಹಾಲ್‌ನಲ್ಲಿ ಸನ್ನಾಂ, ನಮ್ಮ ಇಡ್ಲಿ. ಅಮೆರಿಕದ ಚರ್ಚುಗಳಲ್ಲಿ ನಮ್ಮ ಕಡೆಯ ಫಾದರುಗಳೂ ಇದಾರೆ, ಮಗಳಿಗೆ ಹತ್ತಿರದಲ್ಲಿ ಯಾರಿದಾರೆ ಅಂತ ವಿಚಾರಿಸೋಕೆ ಹೇಳಿ, ಹತ್ತು ಮನೆ ಸೇರಿ ಕೇಳಿದ್ರೆ ತಿಂಗಳಿಗೊಂದು ಪೂಜೆಗೆ ಇಲ್ಲ ಅನ್ನೋ ಪಾದ್ರಿ ಕಮ್ಮಿ.

ಮೊಮ್ಮಗನ ವಿಷಯ, ಧಾರಾಳವಾಗಿ ಕಳಿಸಿ. ಯಾವ ಪದ್ಧತಿಯ ಕ್ಯಾಥೊಲಿಕ್ ಪೂಜೆಯಲ್ಲಿ ಬೇಕಾದ್ರೂ ಭಾಗವಹಿಸಬಹುದು, ಕಮ್ಯುನಿಯನ್ ತಗೋಬಹುದು, ಭಾನುವಾರದ ಬಾಧ್ಯತೆ ಅಲ್ಲಿಗೇ ತೀರುತ್ತೆ. ಎಷ್ಟು ವರ್ಷ ಹೋದ್ರೂ ಅವನು ಸಿರೋ ಮಲಬಾರ್ ಆಗಿಬಿಡಲ್ಲ, ಬರೀ ಹೋಗೋದ್ರಿಂದ ಸಭೆ ಬದಲಾಗಲ್ಲ ಅಂತ ಸಭೆಯ ಕಾನೂನಲ್ಲೇ ಬರೆದಿದೆ. ಆದ್ರೆ ಮನೆ ಇರೋ ಏರಿಯಾದ ಲ್ಯಾಟಿನ್ ಚರ್ಚಲ್ಲೂ ಕುಟುಂಬದ ಹೆಸರು ಬರೆಸಿಡೋಕೆ ಮಗಳಿಗೆ ಹೇಳಿ. ಅಲ್ಲಿ ನಮ್ಮ ಹಾಗೆ ಗುರಿಕಾರರು ಮನೆ ಬಾಗಿಲಿಗೆ ಬಂದು ಬರ್ಕೊಂಡು ಹೋಗಲ್ಲ, ನಾವೇ ಆಫೀಸಿಗೆ ಹೋಗಿ ಫಾರ್ಮ್ ತುಂಬ್ಬೇಕು, ಮುಂದೆ ದೃಢೀಕರಣಕ್ಕೆ, ಮದುವೆಗೆ ಕಾಗದ ಕೇಳುವಾಗ ಆ ಹೆಸರು ಕೆಲಸಕ್ಕೆ ಬರುತ್ತೆ.